ಮೂಟೆ ಇಳಿಯುವ ಬೀದಿ

ಮೈಸೂರು ರೈಲು ನಿಲ್ದಾಣದಿಂದ ವಾಯವ್ಯಕ್ಕೆ ಹೊರಟರೆ ಮೊದಲು ಯಾದವಗಿರಿ, ಅದರಾಚೆ ಒಂಟಿಕೊಪ್ಪಲು, ಅದಕ್ಕೆ ಅಂಟಿಕೊಂಡಂತೆ ಜಯಲಕ್ಷ್ಮಿಪುರಂ. ಕಾಳಿದಾಸ ರಸ್ತೆಯ ಅಂಗಡಿ ಸಾಲು, ಮಹಾಜನ ಕಾಲೇಜಿನ ಗೇಟಿನ ಮುಂದೆ ನೆರೆಯುವ ಹುಡುಗ ಹುಡುಗಿಯರು, ಅಡ್ಡರಸ್ತೆಗಳಲ್ಲಿ ಮರದ ನೆರಳು. ಹುಣಸೂರು ರಸ್ತೆಯನ್ನು ದಾಟಿದರೆ ಮಾನಸಗಂಗೋತ್ರಿ. ಓದುವವರ ಬಡಾವಣೆ ಎಂದು ಇದನ್ನು ಕರೆದರೆ ತಪ್ಪಾಗದು. ಇಲ್ಲಿ ಬೆಳಗಿನ ಹೊತ್ತು ಹೆಗಲಿಗೆ ಚೀಲವಿಲ್ಲದ ಮಗು ಕಾಣುವುದು ಅಪರೂಪ.

ಇದೇ ಬೀದಿಗಳಲ್ಲಿ ಇನ್ನೊಂದು ಬಗೆಯ ಚೀಲವೂ ಓಡಾಡುತ್ತದೆ. ಅಕ್ಕಿ, ಸಕ್ಕರೆ, ಬೇಳೆಯ ಮೂಟೆಗಳು ನಂಜನಗೂಡು ರಸ್ತೆಯ ಬಂಡೀಪಾಳ್ಯದ ಮಾರುಕಟ್ಟೆ ಪ್ರಾಂಗಣದಿಂದಲೋ ಸಂತೇಪೇಟೆಯ ಸಗಟು ಅಂಗಡಿಗಳಿಂದಲೋ ಇಲ್ಲಿಯ ದಿನಸಿ ಅಂಗಡಿಗಳಿಗೆ ಬರುತ್ತವೆ. ಹೊಸ ಮನೆ ಏಳುವ ಕಡೆ 50 ಕೆ.ಜಿ.ಯ ಸಿಮೆಂಟ್ ಚೀಲ ಇಳಿಯುತ್ತದೆ. ಮಹಡಿ ಮನೆಗಳಿಗೆ ಗ್ಯಾಸ್ ಸಿಲಿಂಡರ್ ಹತ್ತುತ್ತದೆ; ಒಳಗಿನ ಅನಿಲ 14.2 ಕೆ.ಜಿ.ಯಾದರೂ ಉಕ್ಕಿನ ತೂಕವೂ ಸೇರಿ ಸುಮಾರು 30 ಕೆ.ಜಿ. ಲಾರಿಯೋ ಆಟೋವೋ ಬಾಗಿಲವರೆಗೆ ತರಬಹುದು. ಬಾಗಿಲಿನಿಂದ ಒಳಕ್ಕೆ ತರುವುದು ಮನುಷ್ಯನ ಬೆನ್ನು.

ಮೂಟೆ ಇಳಿಸುವುದನ್ನು ಐದು ನಿಮಿಷ ನಿಂತು ನೋಡಿದರೆ ಅದು ಬರಿಯ ಬಲದ ಕೆಲಸವಲ್ಲ ಎಂಬುದು ತಿಳಿಯುತ್ತದೆ. ಲಾರಿಯ ಮೇಲೆ ನಿಂತವರು ಮೂಟೆಯನ್ನು ಅಂಚಿಗೆ ಎಳೆದು ತರುತ್ತಾರೆ. ಕೆಳಗಿನವನು ತಲೆಗೆ ಟವಲು ಸುತ್ತಿ, ಕಾಲು ಅಗಲಿಸಿ, ಬೆನ್ನು ಕೊಟ್ಟು ನಿಲ್ಲುತ್ತಾನೆ. ಭಾರ ಸರಿಯಾಗಿ ಕೂತ ಮೇಲೆ "ಬುಡಣ್ಣ" ಎನ್ನುತ್ತಾನೆ. ಆ ಮಾತು ಬರುವವರೆಗೆ ಮೇಲಿನವರ ಕೈ ಸಡಿಲವಾಗುವುದಿಲ್ಲ. ಆಮೇಲೆ ಚಿಕ್ಕ ಚಿಕ್ಕ ಹೆಜ್ಜೆ, ನಿಲ್ಲದ ನಡಿಗೆ. ಗೋದಾಮಿನೊಳಗೆ ಒಂದು ಸಾಲು ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ, ಇಟ್ಟಿಗೆ ಗೋಡೆಯಂತೆ ಮೂಟೆ ಒಟ್ಟುತ್ತಾರೆ. ಹಾಗೆ ಒಟ್ಟದಿದ್ದರೆ ಸಾಲು ಜಾರಿ ಮೈಮೇಲೆ ಬೀಳುತ್ತದೆ. ಹಳೆಯ ಮಾಲು ಮುಂದಕ್ಕೆ, ಹೊಸದು ಹಿಂದಕ್ಕೆ ಎಂಬ ಲೆಕ್ಕವೂ ತಪ್ಪುವಂತಿಲ್ಲ.

ನೆಲದ ಮೇಲಿನ ಮೂಟೆಯನ್ನು ಒಬ್ಬನೇ ಬಗ್ಗಿ ಎತ್ತುವುದನ್ನು ಅನುಭವಸ್ಥ ಹಮಾಲಿ ಸಾಧ್ಯವಾದಷ್ಟೂ ತಪ್ಪಿಸುತ್ತಾನೆ. ಇದರ ಕಾರಣ ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಿರುವ ಸನ್ನೆಯ ನಿಯಮದಲ್ಲಿದೆ. ಸೊಂಟದ ಸ್ನಾಯುಗಳು ಬೆನ್ನುಮೂಳೆಯಿಂದ ಸುಮಾರು 5 ಸೆಂ.ಮೀ. ಹಿಂದೆ ಎಳೆಯುತ್ತವೆ. ಭಾರ 50 ಸೆಂ.ಮೀ. ಮುಂದಿದ್ದರೆ ಆ ಸ್ನಾಯುಗಳು ಹತ್ತರಷ್ಟು ಬಲ ಹಾಕಬೇಕು. ಕೈಯಲ್ಲಿರುವುದು 10 ಕೆ.ಜಿ.ಯಾದರೆ ಸೊಂಟಕ್ಕೆ ಅದು 100 ಕೆ.ಜಿ. ಮೂಟೆಯನ್ನು ತಲೆಯ ಮೇಲೆ ಅಥವಾ ಬೆನ್ನಿನ ಮೇಲ್ಭಾಗದಲ್ಲಿ ಹೊತ್ತಾಗ ಭಾರ ಮೂಳೆಯ ನೇರಕ್ಕೆ ಬಂದು ಈ ಸೆಳೆತ ತಗ್ಗುತ್ತದೆ. ಹಮಾಲಿ ಈ ಸೂತ್ರವನ್ನು ಪುಸ್ತಕದಲ್ಲಿ ಓದಿಲ್ಲ, ಮೈಯಿಂದ ಕಲಿತಿದ್ದಾನೆ.

ಪುಸ್ತಕ ಅವನ ಬಗ್ಗೆ ಹೇಳುವುದೇ ಬೇರೆ. ಭೌತವಿಜ್ಞಾನದ ಪಾಠದಲ್ಲಿ ಒಂದು ಹಳೆಯ ಉದಾಹರಣೆಯಿದೆ: ಕೂಲಿಯೊಬ್ಬ ತಲೆಯ ಮೇಲೆ ಹೊರೆ ಹೊತ್ತು ಸಮತಟ್ಟಾದ ನೆಲದಲ್ಲಿ ನಡೆದರೆ ಗುರುತ್ವದ ವಿರುದ್ಧ ಅವನು ಮಾಡಿದ ಕೆಲಸ ಎಷ್ಟು? ಉತ್ತರ: ಸೊನ್ನೆ. ಬಲ ಮೇಲಕ್ಕೆ, ಚಲನೆ ಅಡ್ಡಕ್ಕೆ. ನಡುವಿನ ಕೋನ 90 ಡಿಗ್ರಿ. ಸೂತ್ರ ಸರಿಯಾಗಿಯೇ ಇದೆ, ಅಂಕವೂ ಸಿಗುತ್ತದೆ. ಆದರೆ ದಾರಿ ಮುಗಿಯುವ ಹೊತ್ತಿಗೆ ಹಮಾಲಿಯ ಅಂಗಿ ಒದ್ದೆಯಾಗಿರುತ್ತದೆ. ಹೊರೆಯನ್ನು ಹಿಡಿದು ನಿಲ್ಲಲಿಕ್ಕೇ ಸ್ನಾಯುವಿನ ಎಳೆಗಳು ಬಿಡದೆ ಬಿಗಿಯುತ್ತ ಸಡಿಲಿಸುತ್ತ ಇರಬೇಕು, ಅದಕ್ಕೆ ಶಕ್ತಿ ಬೇಕು. ಆ ಶಕ್ತಿ ಶಾಖವಾಗಿ ಹೋಗುತ್ತದೆ.

ಮೆಟ್ಟಿಲು ಹತ್ತಿದಾಗಲಾದರೂ ಲೆಕ್ಕ ಅವನ ಪರವಾಗಿ ಬರುತ್ತದೆಯೇ? 50 ಕೆ.ಜಿ.ಯ ಮೂಟೆಯನ್ನು 3 ಮೀಟರ್ ಮೇಲಿನ ಮಹಡಿಗೆ ಒಯ್ದರೆ 1,470 ಜೂಲ್ ಕೆಲಸ. ಇಂಥ 100 ಮೂಟೆಗೆ 1,47,000 ಜೂಲ್, ಅಂದರೆ 35 ಕಿಲೊಕ್ಯಾಲೊರಿ. ಹೆಚ್ಚೂಕಡಿಮೆ ಒಂದು ಸಣ್ಣ ಇಡ್ಲಿ! ಆದರೆ ಅವನು ನೂರು ಸಲವೂ ಮೂಟೆಯ ಜೊತೆಗೆ ತನ್ನ ಮೈಯನ್ನೂ ಮೇಲಕ್ಕೆ ಒಯ್ದಿರುತ್ತಾನೆ. ಸ್ನಾಯುಗಳು ತಾವು ಬಳಸಿದ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಕೆಲಸವಾಗಿ ಬದಲಿಸಬಲ್ಲವು. ಇಳಿದು ಬರುವ ಶ್ರಮ ಬೇರೆ. ಹಾಗಾಗಿ ಹಾಳೆಯ ಮೇಲೆ ಒಂದು ಇಡ್ಲಿಯಾದದ್ದು ಮೈಗೆ ಹತ್ತಕ್ಕೂ ಹೆಚ್ಚು ಇಡ್ಲಿಯಾದೀತು.

ಹೊರೆಯ ಕುರಿತು ದೇಶವೇ ಯೋಚಿಸುವಂತೆ ಮಾಡಿದವರು ಈ ಬಡಾವಣೆಯ ನೆರೆಯಲ್ಲೇ ಇದ್ದರು. ಯಾದವಗಿರಿಯಲ್ಲಿ ಮನೆ ಕಟ್ಟಿಸಿಕೊಂಡಿದ್ದ ಕಾದಂಬರಿಕಾರ ಆರ್.ಕೆ. ನಾರಾಯಣ್ 1986ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1989ರಲ್ಲಿ ತಮ್ಮ ಚೊಚ್ಚಲ ಭಾಷಣಕ್ಕೆ ಅವರು ಆರಿಸಿಕೊಂಡ ವಿಷಯ ಶಾಲಾ ಮಕ್ಕಳ ಪುಸ್ತಕದ ಹೊರೆ. ಮುಂದೆ ಪ್ರೊ. ಯಶಪಾಲ್ ಅಧ್ಯಕ್ಷತೆಯ ಸಮಿತಿ 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಬಗ್ಗೆ ವರದಿ ಕೊಟ್ಟಿತು. 2019ರಲ್ಲಿ ಕರ್ನಾಟಕ ಸರ್ಕಾರ ಚೀಲದ ತೂಕಕ್ಕೆ ಮಿತಿ ಹಾಕಿತು: ಒಂದು, ಎರಡನೆಯ ತರಗತಿಗೆ 2 ಕೆ.ಜಿ. ಮೀರಬಾರದು, ಒಂಬತ್ತು, ಹತ್ತಕ್ಕೆ 5 ಕೆ.ಜಿ. ಮೀರಬಾರದು. ನಾರಾಯಣರ ಮನೆ 2016ರಲ್ಲಿ ಸ್ಮಾರಕವಾಗಿ ತೆರೆದುಕೊಂಡಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ತಂದೆ ತಾಯಿಯರು ಈ ಸಂಗತಿಯನ್ನೂ ಹೇಳಬಹುದು.

ಮಕ್ಕಳ ಬೆನ್ನಿಗೆ ಮಿತಿ ಬಂತು. ದೊಡ್ಡವರ ಬೆನ್ನಿಗೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಗರಿಷ್ಠ ಭಾರದ ಒಪ್ಪಂದವೊಂದನ್ನು ಮಾಡಿತು. ಅದರ ಜೊತೆಗಿನ ಶಿಫಾರಸಿನ ಪ್ರಕಾರ ವಯಸ್ಕ ಗಂಡಾಳು ಹೊರಬಹುದಾದದ್ದು ಹೆಚ್ಚೆಂದರೆ 55 ಕೆ.ಜಿ. ಭಾರತ ಆ ಒಪ್ಪಂದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದ್ದು 2010ರಲ್ಲಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ, ಎಲ್ಲ ಅನುಕೂಲಗಳೂ ಇದ್ದಾಗ ಕೈಯಿಂದ ಎತ್ತಬಹುದಾದ ಭಾರ 23 ಕೆ.ಜಿ. ಮಾತ್ರ. ಅಂಗಡಿಯ ಮುಂದೆ ಇಳಿಯುವ ಸಿಮೆಂಟ್ ಚೀಲ ಅದರ ಎರಡರಷ್ಟಕ್ಕೂ ಹೆಚ್ಚು.

ನೆರೆಯ ಮಹಾರಾಷ್ಟ್ರ 1969ರಲ್ಲಿಯೇ ಮಾಥಾಡಿ, ಹಮಾಲರಿಗೆಂದು ಪ್ರತ್ಯೇಕ ಕಾಯ್ದೆ ಮಾಡಿತು. ಕಾರ್ಮಿಕನೂ ಮಾಲೀಕನೂ ಒಂದು ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು, ಕೂಲಿ ಆ ಮಂಡಳಿಯ ಮೂಲಕ ಸಲ್ಲಬೇಕು, ಭವಿಷ್ಯನಿಧಿಯೂ ಸೇರಬೇಕು ಎಂಬುದು ಅದರ ಏರ್ಪಾಡು. ಕರ್ನಾಟಕದಲ್ಲಿ ಕೃಷಿ ಮಾರುಕಟ್ಟೆ ಪ್ರಾಂಗಣದ ಹಮಾಲಿಗೆ ಪರವಾನಗಿ ಉಂಟು. ಅಸಂಘಟಿತ ಕಾರ್ಮಿಕರಿಗಾಗಿ ಇರುವ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲೂ ಹಮಾಲಿಗಳ ಹೆಸರಿದೆ. ಆದರೆ ಬಡಾವಣೆಯ ಬೀದಿಗಳಲ್ಲಿ ಇಂದು ಈ ಅಂಗಡಿ, ನಾಳೆ ಆ ಅಂಗಡಿ ಎಂದು ದುಡಿಯುವವನಿಗೆ ಗೊತ್ತಾದ ಧಣಿಯಿಲ್ಲ. ಕೂಲಿ ಮೂಟೆಯ ಲೆಕ್ಕದಲ್ಲಿ. ಸೊಂಟ ಹಿಡಿದು ಮಲಗಿದ ದಿನ ಮೂಟೆಯೂ ಇಲ್ಲ, ಕೂಲಿಯೂ ಇಲ್ಲ. ಹೆಸರು ನೋಂದಾಯಿಸಿ ಗುರುತಿನ ಚೀಟಿ ಪಡೆಯಲು ಬೇಕಾದ ಅರ್ಜಿ ತುಂಬಿಕೊಡುವುದು ಕಾಲೇಜಿನ ಹುಡುಗರಿಗೆ ಅರ್ಧ ಗಂಟೆಯ ಕೆಲಸ.

ಮಾನಸಗಂಗೋತ್ರಿಯ ದಿಬ್ಬದ ಮೇಲೆ ಜಯಲಕ್ಷ್ಮಿ ವಿಲಾಸ ಮಹಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ್ದು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕೆ ಮನೆಯಾದದ್ದೂ ಇದೇ. ಅಲ್ಲಿಯ ಕಂಬ, ತೊಲೆಗಳನ್ನು ನೋಡುವಾಗ ಕಟ್ಟಿಸಿದವರ ಹೆಸರು ತಿಳಿಯುತ್ತದೆ. ದಿಬ್ಬದ ಮೇಲಕ್ಕೆ ಅವನ್ನು ಹೊತ್ತು ತಂದವರ ಹೆಸರು ಯಾವ ಫಲಕದಲ್ಲೂ ಇಲ್ಲ.

"ಓದ್ಲಿಲ್ಲ ಅಂದ್ರೆ ಮೂಟೆ ಹೊರಬೇಕಾಗುತ್ತೆ, ನೋಡು" ಎಂಬ ಎಚ್ಚರಿಕೆ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಹಮಾಲಿಯೂ ತನ್ನ ಮಗನಿಗೆ ಇದೇ ಮಾತು ಹೇಳುತ್ತಾನೆ; ಅವನ ಬಾಯಲ್ಲಿ ಅದು ನೋವಿನ ಮಾತು, ನಮ್ಮ ಬಾಯಲ್ಲಿ ಕೀಳೆಣಿಕೆಯ ಮಾತು. ಎಷ್ಟು ಓದಿದರೂ ಮೂಟೆಯನ್ನು ಯಾರಾದರೂ ಹೊರಲೇಬೇಕು. ಓದಿದವರು ಅದನ್ನು ಹಗುರ ಮಾಡಬಲ್ಲರು. ಅಂಗಡಿಯ ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರು ಹಾಸು, ಒಂದು ಕೈಗಾಡಿ, 50 ಕೆ.ಜಿ.ಯ ಬದಲು 25 ಕೆ.ಜಿ.ಯ ಚೀಲ: ಇವು ಯಾವುವೂ ದೊಡ್ಡ ಸಂಶೋಧನೆಯಲ್ಲ. ಇಳಿಜಾರಿನ ಉದ್ದ ಎತ್ತರದ ನಾಲ್ಕರಷ್ಟಿದ್ದರೆ ಕೈಗಾಡಿಯನ್ನು ತಳ್ಳುವ ಬಲ ಹೆಚ್ಚೂಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಸೊನ್ನೆಯ ಉತ್ತರವಿರುವ ಅದೇ ಪಠ್ಯಪುಸ್ತಕದ ವಿಜ್ಞಾನವೇ ಇದನ್ನೂ ಹೇಳುತ್ತದೆ.