ಹದಿನೈದನೇ ನಂಬರು

ಆಗ ಬ್ಯಾಸ್ಕೆಟ್‌ಬಾಲ್ ತಂಡದ ಟೀ ಶರ್ಟುಗಳಿಗೆ 4ರಿಂದ 15ರವರೆಗೆ ನಂಬರು. 1, 2, 3 ಇರುತ್ತಿರಲಿಲ್ಲ. ಪಾಯಿಂಟು ತೋರಿಸಲೆಂದು ಆ ಬೆರಳುಗಳನ್ನು ರೆಫರಿ ತನಗೇ ಇಟ್ಟುಕೊಂಡಿದ್ದ. ಎಣಿಸಿ ನೋಡಿ, ಸರಿಯಾಗಿ ಹನ್ನೆರಡು ಜನ. ಐವರು ಆಡುವವರು, ಏಳು ಜನ ಕೂರುವವರು. ಬಳ್ಳಾರಿಯಲ್ಲಿ ನಾನು ಓದಿದ ಹೈಸ್ಕೂಲಿಗೆ ಟೀ ಶರ್ಟು ಹೊಲಿದುಕೊಟ್ಟ ಪುಣ್ಯಾತ್ಮ ನಂಬರು ಏರಿದಂತೆ ಅಳತೆಯನ್ನೂ ಏರಿಸಿಬಿಟ್ಟಿದ್ದ. ಆಡುವ ಹುಡುಗರು ತಮಗೆ ಒಪ್ಪುವುದನ್ನು ಮೊದಲೇ ಎತ್ತಿಕೊಂಡ ಮೇಲೆ ಉಳಿದ ಹದಿನೈದು, ತಂಡದಲ್ಲೇ ಸಣಕಲನಾದ ನನ್ನ ಪಾಲಿಗೆ. ತೋಳು ಮೊಣಕೈ ದಾಟುತ್ತಿತ್ತು, ಅಂಚು ಚಡ್ಡಿಯನ್ನು ಪೂರ್ತಿ ನುಂಗುತ್ತಿತ್ತು. ಸಿರುಗುಪ್ಪದಲ್ಲಿ ಆಡಲು ಹೋದಾಗ ನೋಡುವವರ ಗುಂಪಿನಿಂದ ಯಾರೋ, “ಲೇ, ಆ ಹುಡುಗಗ ಒಂದು ಚಡ್ಡಿ ಕೊಡಸ್ರಲೇ” ಎಂದು ಕೂಗಿದ್ದರು.

ನಮ್ಮ ಬೆಂಚು ನಿಜಕ್ಕೂ ಬೆಂಚೇ. ಎಂಟನೇ ಕ್ಲಾಸಿನಿಂದ ಎಳೆದು ತಂದದ್ದು, ಕಾಂಪಾಸಿನ ಮೊನೆಯಲ್ಲಿ ಹೆಸರು ಕೊರೆದು ಕೊರೆದು ಒರಟಾದದ್ದು. ಅದರ ಮೇಲೆ ಕೂರುವುದಕ್ಕೂ ಒಂದು ಕ್ರಮವಿತ್ತು. ಪಿಟಿ ಸರ್ ಪಕ್ಕದಲ್ಲಿ ಆರನೆಯವನು. ಅವನು ಸದಾ ಶೂ ಲೇಸು ಬಿಗಿ ಮಾಡಿಕೊಂಡೇ ಇರುವವನು. ಆಮೇಲೆ ಏಳನೆಯವನು, ಎಂಟನೆಯವನು. ತುದಿಯಲ್ಲಿ ನಾನು, ಎಲ್ಲರ ಚೀಲಗಳು ಮತ್ತು ನೀರಿನ ಕೊಡ. ಶ್ರಾವಣ ಬಂತೆಂದು ಬಳ್ಳಾರಿಯ ಬಿಸಿಲೇನೂ ರಿಯಾಯಿತಿ ಕೊಡುವುದಿಲ್ಲ. ಸಿಮೆಂಟಿನ ಅಂಕಣ ಹತ್ತು ಗಂಟೆಗೇ ಕಾದಿರುತ್ತಿತ್ತು. ನೆರಳು ಬೀಳುತ್ತಿದ್ದದ್ದು ಬೆಂಚಿನ ಆ ತುದಿಗೆ ಮಾತ್ರ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

ಕುರುಗೋಡಿನ ನನ್ನ ಸೋದರಮಾವ ಕಬಡ್ಡಿ ಆಡಿದ ಮನುಷ್ಯ. ಕುರುಗೋಡು ಆಗಿನ್ನೂ ಬಳ್ಳಾರಿ ತಾಲ್ಲೂಕಿನಲ್ಲೇ ಇತ್ತು. ದೊಡ್ಡಬಸವೇಶ್ವರನ ಜಾತ್ರೆಗೆ ಹೋದಾಗ ನನ್ನ ಸಿರುಗುಪ್ಪದ ಯಾತ್ರೆಯ ವರದಿ ಕೇಳಿ, “ಹೊರಗ ಕುಂದ್ರಾಕ ಅಷ್ಟು ದೂರ ಯಾಕ ಹೋಗಬೇಕಲೇ? ಇಲ್ಲಿ ಗುಡಿ ಕಟ್ಟಿ ಇಲ್ಲೇನು?” ಎಂದ. ಅವನ ಲೆಕ್ಕವೇ ಬೇರೆ. ಕಬಡ್ಡಿಯಲ್ಲೂ ಹನ್ನೆರಡು ಜನ, ಏಳು ಮಂದಿ ಒಳಗೆ. ಆದರೆ ಔಟಾದವನು ಹೊರಗೆ ಸಾಲಾಗಿ ಕೂತು, ತನ್ನವನೊಬ್ಬ ಎದುರಾಳಿಯನ್ನು ಮುಟ್ಟಿ ಬಂದೊಡನೆ ಪಾಳಿಯ ಪ್ರಕಾರ ಎದ್ದು ಒಳಗೆ ಬರುತ್ತಾನೆ. “ನಮ್ಮಾಟದಾಗ ಔಟಾದೋನು ಕುಂದ್ರತಾನ. ನಿಮ್ಮಾಟದಾಗ ಆಡದೋನೇ ಕುಂದ್ರತಾನಲ್ಲೋ!” ಅವನಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ, ಈ ಆಟದ ಹುಟ್ಟಿನ ಕಥೆ ಓದುವಾಗ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಎರಡು ಪೀಚ್ ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ಹೊಡೆಸಿ ಈ ಆಟ ಶುರು ಮಾಡಿದಾಗ ಅವರ ಕ್ಲಾಸಿನಲ್ಲಿದ್ದದ್ದು 18 ಹುಡುಗರು. ಒಂದು ಕಡೆಗೆ ಒಂಬತ್ತು, ಇನ್ನೊಂದು ಕಡೆಗೆ ಒಂಬತ್ತು. ಹೊರಗೆ ಕೂತವರು ಯಾರೂ ಇಲ್ಲ! ಅವರು ಬರೆದ 13 ನಿಯಮಗಳಲ್ಲಿ ಬದಲಿ ಆಟಗಾರನ ಮಾತು ಬರುವುದು ಒಂದೇ ಕಡೆ: ಬೇಕೆಂದೇ ಗಾಯ ಮಾಡಿದವನನ್ನು ಆಟ ಮುಗಿಯುವವರೆಗೆ ಹೊರಗಿಡಬೇಕು, ಅವನ ಬದಲಿಗೆ ಯಾರನ್ನೂ ಬಿಡಕೂಡದು ಎನ್ನುವಲ್ಲಿ. ತಂಡ ಐವರಿಗೆ ಇಳಿದ ಮೇಲೆ ಬೆಂಚು ಹುಟ್ಟಿತು. ಆಗಲೂ ಒಮ್ಮೆ ಹೊರಗೆ ಬಂದವನು ಬಂದಂತೆಯೇ. ಮತ್ತೆ ಒಂದು ಸಲ ಒಳಗೆ ಹೋಗಬಹುದು ಎಂದಾದದ್ದು 1920ರ ಸುಮಾರಿಗೆ. ಎಷ್ಟು ಸಲವಾದರೂ ಏಳು, ಎಷ್ಟು ಸಲವಾದರೂ ಕೂರು ಎಂದಾಗಲು 1940ರ ದಶಕವೇ ಬರಬೇಕಾಯಿತು. ಅಮೆರಿಕದ ಕಾಲೇಜು ಆಟದಲ್ಲಿ ಟೈಮ್‌ಔಟ್ ಸಮಯದಲ್ಲಿ ಕೋಚ್ ತನ್ನ ಹುಡುಗರ ಜೊತೆ ಮಾತಾಡಬಹುದು ಎಂದು ಒಪ್ಪಿದ್ದು 1948ರ ಹೊತ್ತಿಗೆ. ಅಂದರೆ ಅಲ್ಲಿಯವರೆಗೆ ಕೋಚೂ ಒಂದು ಬಗೆಯಲ್ಲಿ ನನ್ನ ಹಾಗೆ ತುದಿಯಲ್ಲಿ ಕೂತವನೇ.

ಸ್ಪ್ರಿಂಗ್‌ಫೀಲ್ಡಿಗೂ ಬಳ್ಳಾರಿಗೂ ನಡುವೆ ಮದ್ರಾಸಿನ ಒಂದು ಮೆಟ್ಟಿಲಿದೆ. ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆ ತೆರೆದರು. 1953ರ ಅಕ್ಟೋಬರ್ 1ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೇ ಸೇರಿತ್ತಷ್ಟೆ. ನಮ್ಮ ಪಿಟಿ ಸರ್‌ಗೆ ಕಲಿಸಿದ ಡ್ರಿಲ್ ಮೇಷ್ಟ್ರು ಮದ್ರಾಸಿನಲ್ಲಿ ಓದಿದವರಂತೆ. ವಿಸಿಲ್ ಊದುವ ಠೀವಿಯೆಲ್ಲ ಅಲ್ಲಿಂದಲೇ ಇಳಿದು ಬಂದದ್ದು ಎಂದು ಸರ್ ಹೇಳಿಕೊಳ್ಳುತ್ತಿದ್ದರು.

ತಾಲ್ಲೂಕು ಮಟ್ಟದಲ್ಲಿ ಸರ್ ಧಾರಾಳಿ. ಹನ್ನೆರಡೂ ಜನಕ್ಕೆ ಅಂಕಣದ ದೂಳು ತಾಗಿಸುತ್ತಿದ್ದರು. ಜಿಲ್ಲಾ ಮಟ್ಟಕ್ಕೆ ಬಂದರೆ ಅವರ ಬಾಯಿಯ ಜೊತೆ ಪಟ್ಟಿಯೂ ಬಿಗಿಯುತ್ತಿತ್ತು: ಐದು, ಹೆಚ್ಚೆಂದರೆ ಏಳು. ಇದು ಅವರೊಬ್ಬರ ಜಿಪುಣತನವೆಂದು ತಿಳಿದಿದ್ದೆ. ದೊಡ್ಡವರ ಆಟ ನೋಡತೊಡಗಿದ ಮೇಲೆ ಎಲ್ಲ ಕಡೆಯೂ ಇದೇ ಎಂದು ಗೊತ್ತಾಯಿತು. ಅಮೆರಿಕದ ವೃತ್ತಿಪರ ಲೀಗಾದ ಎನ್‌ಬಿಎಯಲ್ಲಿ 82 ಪಂದ್ಯಗಳ ಮಾಮೂಲಿ ಸೀಸನ್ನಿನಲ್ಲಿ ಒಂಬತ್ತು ಹತ್ತು ಜನ ತಿರುಗುತ್ತಾರೆ. ಕೊನೆಯ ಸುತ್ತುಗಳಾದ ಪ್ಲೇಆಫ್ ಬಂತೆಂದರೆ ಎಂಟಕ್ಕೆ ಇಳಿಯುತ್ತದೆ. 48 ನಿಮಿಷದ ಆಟ, ಐದು ಜಾಗ, ಒಟ್ಟು 240 ನಿಮಿಷ. ಮೊದಲ ಐವರಿಗೆ ತಲಾ 40 ಕೊಟ್ಟರೆ ಅಲ್ಲಿಗೇ 200 ಖರ್ಚು. ಉಳಿದ 40ರಲ್ಲಿ ಇಡೀ ಬೆಂಚು ಪಾಲು ಮಾಡಿಕೊಳ್ಳಬೇಕು. ಸಾಲದ್ದಕ್ಕೆ ಒಂದೇ ಎದುರಾಳಿಯ ಮೇಲೆ ಏಳು ಪಂದ್ಯದವರೆಗೂ ಆಡಬೇಕಾದೀತು. ನಿಮ್ಮಲ್ಲಿ ತಡೆಯಲು ಬಾರದವನು ಯಾರೆಂದು ಎರಡನೇ ಪಂದ್ಯಕ್ಕೇ ಅವರಿಗೆ ತಿಳಿದಿರುತ್ತದೆ. ಅವನು ಒಳಗೆ ಬಂದ ಕ್ಷಣದಿಂದ ಬಾಲು ಅವನ ಮುಂದೆಯೇ ಕುಣಿಯುತ್ತದೆ. ಹಾಗಾಗಿ ಪಟ್ಟಿ ಬಿಗಿಯುವ ಕೋಚ್‌ನನ್ನು ನಾನು ಬೈಯಲಾರೆ. ಬೈಸಿಕೊಳ್ಳಬೇಕಾದವನು, ಕೊನೆಯ ಪಂದ್ಯದ ದಿನ ಬೆಂಚಿನ ಕಡೆ ಮುಖವನ್ನೇ ತಿರುಗಿಸದವನು.

ಒಂದು ಜಿಲ್ಲಾ ಫೈನಲ್ಲು. ನಮ್ಮ ಉದ್ದನೆಯ ಹುಡುಗನಿಗೆ ನಾಲ್ಕು ಫೌಲು; ಐದಾದರೆ ಆಟ ಬಿಟ್ಟು ಬರಬೇಕು. ಆರನೆಯವನ ಕಾಲು ಉಳುಕಿತ್ತು, ಏಳನೆಯವನು ಆಗಲೇ ಒಳಗಿದ್ದ. ಸರ್ ಬೆಂಚಿನುದ್ದಕ್ಕೂ ಕಣ್ಣು ಹಾಯಿಸಿ, “ಹದಿನೈದು, ಏಳಲೇ” ಎಂದರು. ಟೀ ಶರ್ಟನ್ನು ಚಡ್ಡಿಯೊಳಗೆ ತುರುಕಿಕೊಂಡು ಸ್ಕೋರರ್ ಮೇಜಿಗೆ ಹೋಗಿ “ಚೇಂಜ್” ಎಂದು ನಿಂತೆ. ಚೇಂಜ್ ಕೇಳಿದೊಡನೆ ಸಿಗುವುದಿಲ್ಲ. ವಿಸಿಲ್ ಬಿದ್ದು ಆಟ ನಿಲ್ಲಬೇಕು. ಅವತ್ತು ಬಾಲು ಗೆರೆ ದಾಟಲಿಲ್ಲ, ಯಾರೂ ಯಾರನ್ನೂ ತಳ್ಳಲಿಲ್ಲ, ನಲವತ್ತೂ ಕೈಕಾಲುಗಳು ಅಷ್ಟು ಸಭ್ಯವಾಗಿ ಆಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅಷ್ಟರಲ್ಲಿ ಆ ಉದ್ದನೆಯವನು ಒಂದರ ಹಿಂದೊಂದು ಎರಡು ಬಾಸ್ಕೆಟ್ ಹಾಕಿಬಿಟ್ಟ. “ಬಾರಲೇ ಈಕಡಿ” ಎಂದು ಸರ್ ಕೂಗಿದರು. ವಾಪಸ್ ಬಂದರೆ ನನ್ನ ನೆರಳಿನ ತುದಿಯಲ್ಲಿ ಒಂಬತ್ತನೆಯವನು ಕಾಲು ಚಾಚಿ ಕೂತಿದ್ದ.

ಸಂಜೆ ಬ್ರೂಸ್‌ಪೇಟೆಯಲ್ಲಿ ಸರ್ ಎಲ್ಲರಿಗೂ ಒಗ್ಗರಣೆ ಮಿರ್ಚಿ ಕೊಡಿಸಿದರು. ನನ್ನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿಸಿ, ಮೆಲ್ಲಗೆ, “ನಿನ್ನ ಒಳಗ ಕಳಸಾದು ಏನು ಕಷ್ಟಪ್ಪ? ಆಡಾವನ್ನ ಹೊರಗ ಕರೀಬೇಕಲ್ಲ, ಅದು ಕಷ್ಟ” ಎಂದರು. ಆಗ ನನಗೆ ಮಿರ್ಚಿಯ ಖಾರವೊಂದೇ ತಿಳಿದದ್ದು.

2015ರ ಜೂನ್‌ನ ಒಂದು ಬೆಳಗ್ಗೆ ಟೀವಿಯ ಮುಂದೆ ಕೂತಾಗ ಸರ್ ಮಾತು ಅರ್ಥವಾಯಿತು. ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಎನ್‌ಬಿಎ ಫೈನಲ್ಸ್‌ನಲ್ಲಿ ಕ್ಲೀವ್‌ಲ್ಯಾಂಡ್ ಎದುರು 2-1ರಿಂದ ಹಿಂದಿತ್ತು. ಕೋಚ್ ಸ್ಟೀವ್ ಕೆರ್. ಅವನೂ ಬೆಂಚಿನ ಕುಲದವನೇ. 1997ರ ಫೈನಲ್ಸ್‌ನಲ್ಲಿ ಮೈಕಲ್ ಜೋರ್ಡನ್ ಕೊಟ್ಟ ಪಾಸು ಹಿಡಿದು ಗೆಲುವಿನ ಬಾಸ್ಕೆಟ್ ಹಾಕಿದವನು. ಆಂಡ್ರೆ ಇಗುಡಾಲ ಎಂಬಾತ ಅದುವರೆಗಿನ ಹತ್ತು ಸೀಸನ್ನುಗಳಲ್ಲಿ ಆಡಿದ ಪ್ರತಿ ಪಂದ್ಯವನ್ನೂ ಮೊದಲ ಐವರಲ್ಲೇ ಆಡಿದ್ದವನು. ಅವನನ್ನು ಆ ವರ್ಷ ಕೆರ್ ಕೂರಿಸಿದ್ದ. ನಾಲ್ಕನೇ ಪಂದ್ಯಕ್ಕೆ ಅವನನ್ನೇ ಎಬ್ಬಿಸಿ, ಏಳಡಿಯ ಆಂಡ್ರ್ಯೂ ಬೋಗಟ್‌ನನ್ನು ಕೂರಿಸಿದ. ಈ ಉಪಾಯ ಹೊಳೆದದ್ದು ರಾತ್ರಿಯೆಲ್ಲ ಹಳೆಯ ವಿಡಿಯೊ ನೋಡುತ್ತಿದ್ದ ನಿಕ್ ಯೂರೆನ್ ಎಂಬ ಸಹಾಯಕನಿಗೆ. ಪಂದ್ಯಕ್ಕೆ ಮೊದಲು ಪತ್ರಕರ್ತರಿಗೆ ಕೆರ್ ಸುಳ್ಳು ಹೇಳಿ, ಆಮೇಲೆ ನಗುತ್ತ ಒಪ್ಪಿಕೊಂಡ. 103-82ರಿಂದ ಗೆದ್ದರು, ಸರಣಿಯೂ 4-2 ಆಯಿತು, ಇಗುಡಾಲ ಸರಣಿ ಶ್ರೇಷ್ಠ. ಟೀವಿಯವರು ಅವನನ್ನೇ ತೋರಿಸುತ್ತಿದ್ದರು. ನನ್ನ ಕಣ್ಣು ಮಾತ್ರ ಬೋಗಟ್‌ನನ್ನು ಹುಡುಕುತ್ತಿತ್ತು. ಸೀಸನ್ ಪೂರ್ತಿ ಮೊದಲ ಪಂಕ್ತಿಯಲ್ಲಿ ಉಂಡವನನ್ನು ಮದುವೆಯ ದಿನ ಎಲೆಯ ಮುಂದಿನಿಂದ ಎಬ್ಬಿಸಿದ ಹಾಗಲ್ಲವೇ ಅದು?

ಈಗ ನನ್ನ ತಂಗಿಯ ಮಗ ಆಡುವುದು ತ್ರೀ ಬೈ ತ್ರೀ. ಟೋಕಿಯೊ ಒಲಿಂಪಿಕ್ಸ್‌ಗೂ ಬಂದ ಆಟ. ಒಂದೇ ಬುಟ್ಟಿ, ಒಳಗೆ ಮೂವರು, ಹೊರಗೆ ಒಬ್ಬ. ಆಟದ ವೇಳೆ ಕೋಚ್ ಬಾಯಿ ಹಾಕುವಂತಿಲ್ಲ. ಆಟ ನಿಂತಾಗ ಒಳಗಿನವನು ತಾನಾಗಿ ಗೆರೆಯಾಚೆ ಬಂದು ಹೊರಗಿನವನನ್ನು ಮುಟ್ಟಿದರೆ ಬದಲಿ ಆಯಿತು. ಹತ್ತು ನಿಮಿಷದ ಆಟ. ಮೊನ್ನೆ ನೋಡಲು ಹೋಗಿದ್ದೆ. ನಾಲ್ಕನೆಯವನು ಗೆರೆಯ ಹಿಂದೆ ಕೈ ಚಾಚಿಕೊಂಡು, “ಬಾರಲೇ, ಮುಟ್ಟಿ ಹೋಗಲೇ” ಎಂದು ಅರಚುತ್ತಿದ್ದ. ನಮ್ಮ ಹುಡುಗ ಏದುಸಿರು ಬಿಡುತ್ತ, ಆ ಕಡೆ ಮುಖವನ್ನೂ ಹಾಕದೆ, “ತಡಿಯಲೇ, ಇದೊಂದು ಬಾಲ್” ಎನ್ನುತ್ತಿದ್ದ. ಆಮೇಲೆ ಇನ್ನೊಂದು ಬಾಲ್. ಆಮೇಲೆ ಮತ್ತೊಂದು.