ಮೂವತ್ತು ಜೀವಗಳ ಬೆಲೆ

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ಪಟಾಕಿಯ ಪೆಟ್ಟಿಗೆಗೆ ಬದಲಾಗಿ ಒಂದು ಲ್ಯಾಪ್‌ಟಾಪನ್ನೂ ಎರಡು ಜಾಯ್‌ಸ್ಟಿಕ್‌ಗಳನ್ನೂ ತಂದಿದ್ದ. ಅವನ್ನು ನಮ್ಮ ನಡುಮನೆಯ ಟಿವಿಗೆ ಜೋಡಿಸಿ, ಎಂಟು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಆಟವನ್ನು ಆರಂಭಿಸಿದ. ಅಡುಗೆಮನೆಯಲ್ಲಿದ್ದ ನನ್ನ ಪತ್ನಿ ಅದರ ಸಂಗೀತ ಕಿವಿಗೆ ಬಿದ್ದೊಡನೆ ಸೌಟು ಹಿಡಿದುಕೊಂಡೇ ಹೊರಬಂದು, "ಇದು ಅದೇ ಅಲ್ವೇನೋ?" ಎಂದಳು. ಅದೇ ಆಗಿತ್ತು. ಕಾಂಟ್ರಾ.

ಈ ಹೆಸರನ್ನು ಓದಿದ ಕೂಡಲೇ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಮುಗುಳ್ನಗುತ್ತಾರೆಂದು ಬಲ್ಲೆ. ತೊಂಬತ್ತರ ದಶಕದ ನಡುವಿನಲ್ಲಿ ಕೊಳ್ಳೇಗಾಲದ ಬಸ್ ನಿಲ್ದಾಣದ ಸಮೀಪದ ಒಂದು ಕೋಣೆಯಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ಪಡೆದು ಈ ಆಟವನ್ನು ಆಡಿಸುತ್ತಿದ್ದರು. ಮಧ್ಯಾಹ್ನದ ತರಗತಿಗೆ ಬಾರದ ಹುಡುಗರನ್ನು ಅಲ್ಲಿಂದ ಕಿವಿ ಹಿಡಿದು ಎಳೆತಂದವನು ನಾನೇ. ಏಟನ್ನೂ ಕೊಟ್ಟಿದ್ದೇನೆ. ಹದಿನೇಳರ ಮಗ್ಗಿಯಲ್ಲಿ ತಡವರಿಸುತ್ತಿದ್ದ ಹುಡುಗನೊಬ್ಬ "ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ" ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದುದನ್ನು ಕೇಳಿ ನನಗೆ ಬಂದ ಸಿಟ್ಟು ಈಗಲೂ ನೆನಪಿದೆ. ಆಟದ ಆರಂಭದಲ್ಲಿ ಆ ಕ್ರಮದಲ್ಲಿ ಗುಂಡಿಗಳನ್ನು ಒತ್ತಿದರೆ ಮೂರರ ಬದಲು ಮೂವತ್ತು ಜೀವಗಳು ದೊರೆಯುತ್ತಿದ್ದವಂತೆ.

ಇರಲಿ. ನಾನು ಮಗನನ್ನು ಕೇಳಿದ ಮೊದಲ ಪ್ರಶ್ನೆ ಒಬ್ಬ ನಿವೃತ್ತ ಮೇಷ್ಟ್ರು ಕೇಳುವಂಥದ್ದೇ: "ಇದಕ್ಕೆ ಎಷ್ಟು ಕೊಟ್ಟೆ?"

ಕೊನಾಮಿ ಎಂಬ ಜಪಾನಿನ ಸಂಸ್ಥೆ ಕಾಂಟ್ರಾವನ್ನು 1987ರಲ್ಲಿ ಹಣ ಹಾಕಿ ಆಡುವ ದೊಡ್ಡ ಯಂತ್ರಗಳಿಗಾಗಿಯೂ, ಮರುವರ್ಷ ಮನೆಯ ಟಿವಿಗೆ ಜೋಡಿಸುವ ನಿಂಟೆಂಡೊ ಯಂತ್ರಕ್ಕಾಗಿಯೂ ಹೊರತಂದಿತ್ತು. ಅದನ್ನೂ ಅದೇ ಸರಣಿಯ ಇತರ ಹಳೆಯ ಆಟಗಳನ್ನೂ ಒಂದು ಕಟ್ಟು ಮಾಡಿ 2019ರಲ್ಲಿ ಮತ್ತೆ ಮಾರಾಟಕ್ಕಿಟ್ಟಿತು. ಆಗ ಅಮೆರಿಕದಲ್ಲಿ ಅದರ ಬೆಲೆ 20 ಡಾಲರು. ಮೂವತ್ತು ವರ್ಷ ಹಳೆಯದಾದ, ಇದೇ ಮನೆಯಲ್ಲಿ ಇದೇ ಹುಡುಗ ಸಾವಿರ ಸಲ ಆಡಿದ ಆಟಕ್ಕೆ ಮತ್ತೆ ದುಡ್ಡು! "ಒಂದೇ ಎಮ್ಮೆಗೆ ಎರಡು ಸಲ ಬೆಲೆ ಕೊಟ್ಟವನು ನೀನೇ ಇರಬೇಕು" ಎಂದೆ.

ಅವನು ತಲೆ ಎತ್ತದೆಯೇ ಹೇಳಿದ: "ಎರಡು ಸಲ ಎಲ್ಲಿ ಕೊಟ್ಟೆವು ಅಪ್ಪ? ಮೊದಲನೆಯ ಸಲ ನಾವು ಅವರಿಗೆ ಕೊಟ್ಟೇ ಇರಲಿಲ್ಲವಲ್ಲ."

ಈ ಮಾತು ನನ್ನನ್ನು ಕೆಲವು ದಿನ ಬಿಡಲಿಲ್ಲ.

ಮಗ ಏಳನೆಯ ತರಗತಿಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರೆ ವಿಡಿಯೋ ಗೇಮ್ ಕೊಡಿಸುವುದಾಗಿ ನಾನು ಮಾತು ಕೊಟ್ಟಿದ್ದೆ. 1996ರ ಬೇಸಿಗೆಯಲ್ಲಿ ಮೈಸೂರಿಗೆ ಹೋಗಿ, ಅಂಗಡಿಯವನೊಡನೆ ಅರ್ಧ ಗಂಟೆ ಚೌಕಾಸಿ ಮಾಡಿ, 1,150 ರೂಪಾಯಿಗೆ ಆ ಪೆಟ್ಟಿಗೆಯನ್ನು ತಂದೆ. ಆ ತಿಂಗಳು ಮನೆಯಲ್ಲಿ ಯಾವ ಯಾವ ಖರ್ಚನ್ನು ಮುಂದೂಡಿದೆವೆಂಬುದನ್ನು ಪತ್ನಿ ಇಂದಿಗೂ ಪಟ್ಟಿ ಮಾಡಿ ಹೇಳಬಲ್ಲಳು. ಅದರೊಡನೆ ಒಂದು ಹಳದಿ ಕ್ಯಾಸೆಟ್ ಬಂದಿತ್ತು. ಮೇಲೆ "9999 ಆಟಗಳು" ಎಂದು ಅಚ್ಚಾಗಿತ್ತು. ಒಂದು ಭಾನುವಾರ ಕುಳಿತು ಎಣಿಸಿದೆ. ಬೇರೆ ಬೇರೆ ಹೆಸರಿನಲ್ಲಿ ಬಂದದ್ದೇ ಬರುತ್ತಿತ್ತು. ನಿಜವಾದ ಲೆಕ್ಕ ಇಪ್ಪತ್ತನ್ನು ದಾಟಲಿಲ್ಲ. ಕಾಂಟ್ರಾ ಒಂದೇ ಆರೇಳು ಸಲ ಬಂದಿತ್ತು. ಮೋಸವೆಂದು ಗೊಣಗಿದೆನೇ ಹೊರತು, ಆ ಇಪ್ಪತ್ತು ಆಟಗಳೂ ಯಾರೋ ಮಾಡಿದವು, ಅವರಿಗೆ ಈ ಹಣದಲ್ಲಿ ಏನೂ ಹೋಗಿಲ್ಲ ಎಂಬ ಯೋಚನೆ ನನಗೆ ಬರಲೇ ಇಲ್ಲ. ಪೆಟ್ಟಿಗೆ ನಿಂಟೆಂಡೊ ಯಂತ್ರದ ನಕಲು; ಕ್ಯಾಸೆಟ್ ನಕಲಿನ ನಕಲು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರವನ್ನು ಕದ್ದು ಬರೆದ ಹುಡುಗನನ್ನು ಎದ್ದು ನಿಲ್ಲಿಸುತ್ತಿದ್ದ ಮೇಷ್ಟ್ರ ಮನೆಯಲ್ಲಿ ಅದು ಮೂರು ವರ್ಷ ರಾಜನಂತೆ ಕುಳಿತಿತ್ತು.

ಮೂವತ್ತು ಜೀವಗಳ ಆ ಗುಂಡಿಮಂತ್ರದ ಹಿಂದೆಯೂ ಒಬ್ಬ ಮನುಷ್ಯನಿದ್ದ. ಅವನ ಹೆಸರು ಕಜುಹಿಸಾ ಹಶಿಮೊಟೊ. 1986ರಲ್ಲಿ ಗ್ರಾಡಿಯಸ್ ಎಂಬ ಇನ್ನೊಂದು ಆಟವನ್ನು ಮನೆಯ ಯಂತ್ರಕ್ಕೆ ಒಗ್ಗಿಸುತ್ತಿದ್ದಾಗ, ಅದನ್ನು ಪರೀಕ್ಷಿಸಿ ನೋಡಲು ಅವನಿಗೇ ಕಷ್ಟವಾಯಿತಂತೆ. ತನ್ನ ಅನುಕೂಲಕ್ಕಾಗಿ ಅವನು ಅಳವಡಿಸಿಕೊಂಡ ಆ ಕ್ರಮ ಆಟದೊಳಗೆ ಹಾಗೆಯೇ ಉಳಿದುಹೋಯಿತು; ಮುಂದೆ ಕಾಂಟ್ರಾಕ್ಕೂ ಬಂದಿತು. ಆತ 2020ರ ಫೆಬ್ರವರಿಯಲ್ಲಿ ತೀರಿಕೊಂಡ. ಅವನ ಮಂತ್ರವನ್ನು ನಮ್ಮ ತಾಲ್ಲೂಕಿನ ಹುಡುಗರು ಸಂಧ್ಯಾವಂದನೆಯಂತೆ ಒಪ್ಪಿಸುತ್ತಿದ್ದರು. ಹೆಸರು ಒಬ್ಬರಿಗೂ ತಿಳಿದಿರಲಿಲ್ಲ. ತಿಳಿಯುವ ದಾರಿಯೂ ಇರಲಿಲ್ಲವೆನ್ನಿ. ಆ ಕಾಲದ ಜಪಾನಿನ ಆಟಗಳಲ್ಲಿ ದುಡಿದವರ ನಿಜನಾಮಗಳನ್ನು ಪ್ರಕಟಿಸದೆ ಅಡ್ಡಹೆಸರುಗಳನ್ನಷ್ಟೇ ತೋರಿಸುವುದು ವಾಡಿಕೆಯಾಗಿತ್ತು. ಮಗ ಕೊಂಡ ಈ ಕಟ್ಟಿನಲ್ಲಿ ಆಟಗಳ ಜೊತೆಗೆ ಒಂದು ಪುಸ್ತಕವೂ ಇದೆ. ಸರಣಿಯ ಚರಿತ್ರೆಯನ್ನೂ ಅಂದಿನ ಕೆಲವು ದಾಖಲೆಗಳನ್ನೂ ಅದರಲ್ಲಿ ಕೊಟ್ಟಿದ್ದಾರೆ. ನನಗೆ ಆಟಕ್ಕಿಂತ ಅದೇ ಹೆಚ್ಚು ಹಿಡಿಸಿತು.

ಮತ್ತೊಂದು ಸಂಗತಿ. ಆಗ ನಮ್ಮಲ್ಲಿ ಇದ್ದದ್ದು ಹದಿನಾಲ್ಕು ಅಂಗುಲದ ಕಪ್ಪು ಬಿಳುಪು ಟಿವಿ. ಆಟದಲ್ಲಿ ಇಬ್ಬರು ಸೈನಿಕರು. ಒಬ್ಬನದು ನೀಲಿ ಷರಾಯಿ, ಇನ್ನೊಬ್ಬನದು ಕೆಂಪು. ನಮ್ಮ ಮನೆಯಲ್ಲಿ ಇಬ್ಬರದೂ ಬೂದಿ ಬಣ್ಣ. "ನಾನು ಯಾರು, ನೀನು ಯಾರು" ಎಂದು ಮಗನೂ ಪಕ್ಕದ ಮನೆಯ ಹುಡುಗನೂ ದಿನಕ್ಕೆ ಹತ್ತು ಸಲ ಜಗಳವಾಡುತ್ತಿದ್ದರು. ಈ ದೀಪಾವಳಿಯಲ್ಲಿ ನನ್ನ ಪತ್ನಿ ಆ ಬಣ್ಣಗಳನ್ನು ಮೊದಲ ಬಾರಿಗೆ ಕಂಡು, "ಇದನ್ನು ಆಗಲೇ ತೋರಿಸಿದ್ದರೆ ಅಷ್ಟು ಹೊಡೆದಾಟ ಇರ್ತಿರಲಿಲ್ಲ" ಎಂದಳು. ಸಾಲದೆಂಬಂತೆ, ಜಪಾನಿನಲ್ಲಿ ಮಾತ್ರ ಮಾರಾಟವಾಗಿದ್ದ ಆವೃತ್ತಿಯೂ ಈ ಕಟ್ಟಿನಲ್ಲಿದೆ. ಅದರಲ್ಲಿ ಮರಗಳು ಅಲುಗಾಡುತ್ತವೆ, ಹಿಮ ಬೀಳುತ್ತದೆ. ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ಚಿತ್ರಗಳು ಬಂದು ಕತೆ ಹೇಳುತ್ತವೆ. ಅಮೆರಿಕಕ್ಕೆ ಹೋದ ಆವೃತ್ತಿಯಲ್ಲಿ ಅವಿರಲಿಲ್ಲ.

ಹಳೆಯದಕ್ಕೆ ಮತ್ತೆ ಹಣ ಕೊಡುವುದನ್ನು ಕುರಿತು ನಾನು ಇನ್ನೂ ವಾದಿಸಬಹುದಿತ್ತು. ಆದರೆ ಮಗ ನನ್ನ ಬಾಯಿ ಮುಚ್ಚಿಸಿದ. 1971ರ "ಕಸ್ತೂರಿ ನಿವಾಸ"ಕ್ಕೆ ಬಣ್ಣ ತುಂಬಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಮೈಸೂರಿಗೆ ಹೋಗಿ ಟಿಕೆಟ್ ಕೊಂಡು ನೋಡಿ ಬಂದವನು ನಾನು. ಅಷ್ಟು ದೂರ ಏಕೆ? ಮಾದಪ್ಪನ ಬೆಟ್ಟದ ಸೀಮೆಯವರಾದ ನಾವು, ಕಂಸಾಳೆಯವರು ಬಂದು ಜಗುಲಿಯ ಮೇಲೆ ಕುಳಿತು ಹಾಡಿದಾಗ, ಸಂಕಮ್ಮನ ಸಾಲು ಮುಂದೇನಾಗುತ್ತದೆಂದು ನಮಗೆ ಗೊತ್ತು ಎಂದು ಹೇಳಿ ಮೊರದ ರಾಗಿಯನ್ನು ಒಳಗೆ ಒಯ್ದದ್ದುಂಟೇ? ಆದರೂ ಇವೆರಡೂ ಒಂದೇ ಅಲ್ಲ ಎಂದು ಮಗನಿಗೆ ಹೇಳಿದೆ. ಕಂಸಾಳೆಯವನು ಪ್ರತಿ ಸಲವೂ ಹೊಸದಾಗಿ ಗಂಟಲು ಸವೆಸುತ್ತಾನೆ. ಕಂಪನಿ ಏನು ಮಾಡಿದೆ?

ಇಲ್ಲಿ ಮಗನೂ ನನ್ನೊಡನೆ ಒಪ್ಪಿದ. ಎಲ್ಲ ಮರುಬಿಡುಗಡೆಗಳೂ ಕೊಳ್ಳಲು ಯೋಗ್ಯವಲ್ಲ. ಗ್ರ್ಯಾಂಡ್ ಥೆಫ್ಟ್ ಆಟೋ ಎಂಬ ಹೆಸರಾಂತ ಸರಣಿಯ ಮೂರು ಹಳೆಯ ಆಟಗಳನ್ನು 2021ರ ನವೆಂಬರಿನಲ್ಲಿ ಹೊಸ ವೇಷ ಹಾಕಿಸಿ ಹೊರತಂದರು. ಅದಕ್ಕೂ ಮುನ್ನವೇ ಹಳೆಯ ಆವೃತ್ತಿಗಳ ಮಾರಾಟವನ್ನು ನಿಲ್ಲಿಸಿದ್ದರು. ಹೊಸದರಲ್ಲಿ ಎಷ್ಟು ದೋಷಗಳಿದ್ದವೆಂದರೆ ಮಳೆ ಬಂದರೆ ರಸ್ತೆಯೇ ಕಾಣದು, ಅಂಗಡಿಗಳ ನಾಮಫಲಕಗಳಲ್ಲಿ ಕಾಗುಣಿತವೇ ತಪ್ಪು. ಕಂಪನಿ ಕ್ಷಮೆ ಕೋರಿ, ಹಳೆಯವನ್ನು ಮತ್ತೆ ಕೊಡಬೇಕಾಯಿತು. ಕರಡು ತಿದ್ದದೆ ಮರುಮುದ್ರಣ ಮಾಡಿದ ಪಠ್ಯಪುಸ್ತಕಗಳನ್ನು ಪಾಠ ಮಾಡಿದ ನನಗೆ ಆ ನೋವು ಚೆನ್ನಾಗಿ ಅರ್ಥವಾಗುತ್ತದೆ. ನಿಂಟೆಂಡೊ ಸಂಸ್ಥೆಯದು ಇನ್ನೊಂದು ಬಗೆ. ಮೂರು ಹಳೆಯ ಮಾರಿಯೊ ಆಟಗಳನ್ನು 2020ರ ಸೆಪ್ಟೆಂಬರಿನಲ್ಲಿ 60 ಡಾಲರಿಗೆ ಇಟ್ಟು, 2021ರ ಮಾರ್ಚ್ 31ರ ಬಳಿಕ ಮಾರುವುದಿಲ್ಲವೆಂದು ಮೊದಲೇ ಸಾರಿತು. ಹಾಗೆಯೇ ನಿಲ್ಲಿಸಿತು ಕೂಡ. ಕಡತದಲ್ಲಿ ತುಂಬಿಟ್ಟ ಸರಕು ಹಳಸುವುದೂ ಇಲ್ಲ, ಮುಗಿಯುವುದೂ ಇಲ್ಲ. ಅಂಥದ್ದಕ್ಕೆ ಗಡುವು ವಿಧಿಸುವುದು ಜಾತ್ರೆಯ ಕೊನೆಯ ದಿನದ ಕೂಗಾಟವಲ್ಲದೆ ಬೇರೇನು?

ಕೊಂಡದ್ದು ನಮ್ಮದೇ ಎಂಬ ಭರವಸೆಯೂ ಈಗಿಲ್ಲ. ನಮ್ಮ ಹಳದಿ ಕ್ಯಾಸೆಟ್ ನಕಲಾಗಿದ್ದರೂ ಬೀರುವಿನೊಳಗೆ ನಮ್ಮದಾಗಿತ್ತು. ಇಂದಿನದು ಅಂತರ್ಜಾಲದ ಮಳಿಗೆಯಿಂದ ಇಳಿಯುವ ಕಡತ; ಕೊಳ್ಳುವವನಿಗೆ ದೊರೆಯುವುದು ಆಡುವ ಅನುಮತಿ ಮಾತ್ರ. ಇದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ಕಾಯಿದೆಯನ್ನೇ ಮಾಡಿದರು. ನಿಂಟೆಂಡೊ ತನ್ನ ಎರಡು ಹಳೆಯ ಯಂತ್ರಗಳ ಅಂತರ್ಜಾಲ ಮಳಿಗೆಗಳನ್ನು 2023ರ ಮಾರ್ಚಿನಲ್ಲಿ ಮುಚ್ಚಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಹೊಸದಾಗಿ ಕೊಳ್ಳುವ ದಾರಿ ಅಂದಿಗೆ ಇಲ್ಲವಾಯಿತು. ಅದೇ ವರ್ಷ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಒಂದು ಸಮೀಕ್ಷೆಯನ್ನು ಪ್ರಕಟಿಸಿತು. 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡ 87ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲವಂತೆ. ನೂರರಲ್ಲಿ ಹದಿಮೂರು ಉಳಿದಿವೆ. ಓಲೆಗರಿಯ ಕಾಲದಿಂದ ಹಿಡಿದು ನಮ್ಮಲ್ಲಿ ಕಳೆದುಹೋದ ಕೃತಿಗಳ ಪಟ್ಟಿಯನ್ನು ತರಗತಿಯಲ್ಲಿ ಹೇಳುತ್ತಿದ್ದ ನಾನು, ಮೂವತ್ತು ನಲವತ್ತು ವರ್ಷಗಳಷ್ಟೇ ಹಳೆಯದಾದ ವಸ್ತುವಿಗೂ ಈ ಗತಿ ಬಂದೀತೆಂದು ಭಾವಿಸಿರಲಿಲ್ಲ.

ಹೀಗೆ ಲೆಕ್ಕ ಹಾಕುತ್ತ ಹೋದಾಗ ಮಗ ಕೊಟ್ಟ ಹಣ ವ್ಯರ್ಥವೆಂದು ನನಗೆ ತೋರಲಿಲ್ಲ. ಮಾಡಿದ್ದನ್ನು ಕೆಡಿಸದೆ, ಅದರ ಬೇರೆ ಬೇರೆ ಪಾಠಗಳನ್ನು ಒಂದೆಡೆ ಇಟ್ಟು, ಚರಿತ್ರೆಯನ್ನೂ ಸೇರಿಸಿ ಕೊಟ್ಟಿದ್ದಾರೆ. ಸಂಪಾದಿತ ಗ್ರಂಥಕ್ಕೆ ನಾವು ಕೊಡುವ ಬೆಲೆಯಂತೆ ಇದೂ ಒಂದು. ಜೊತೆಗೆ 1996ರ ಬಾಕಿಯೂ ತೀರಿತು. ಆದರೆ ಆ ಬಾಕಿ ತೀರಿಸಬೇಕಾದವನು ಮಗನೇ ಎಂಬ ಪ್ರಶ್ನೆ ನನ್ನಲ್ಲಿ ಉಳಿದಿತ್ತು. ಅದಕ್ಕೆ ಕಾರಣವಿದೆ.

1999ರಲ್ಲಿ ಅವನು ಪಿಯುಸಿ ಓದಲು ಮೈಸೂರಿನ ಹಾಸ್ಟೆಲಿಗೆ ಸೇರಿದ. ಎಸ್ಸೆಸ್ಸೆಲ್ಸಿಯ ವರ್ಷವೇ ನಾನು ಆ ಪೆಟ್ಟಿಗೆಯನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೆ. ಪರೀಕ್ಷೆ ಮುಗಿದ ಮೇಲೆ ಕೊಡುತ್ತೇನೆಂದಿದ್ದೆ. ಪರೀಕ್ಷೆ ಮುಗಿಯಿತು, ಫಲಿತಾಂಶ ಬಂದಿತು, ನಾನು ಕೊಡಲಿಲ್ಲ. ಅವನು ಊರು ಬಿಟ್ಟ ಎರಡೇ ವಾರಕ್ಕೆ, ಬೀದಿಯಲ್ಲಿ ಬಂದ ಗುಜರಿಯವನಿಗೆ ಹಳೆಯ ಪತ್ರಿಕೆಗಳೊಡನೆ ಅದನ್ನೂ ಹಾಕಿಬಿಟ್ಟೆ. ಕೊಟ್ಟದ್ದು ನಲವತ್ತು ರೂಪಾಯಿ. ಅಂದಿನಿಂದ ಈ ದೀಪಾವಳಿಯವರೆಗೆ ಆ ವಿಷಯವನ್ನು ನಾನೂ ಎತ್ತಿರಲಿಲ್ಲ, ಅವನೂ ಕೇಳಿರಲಿಲ್ಲ. ಕಾಂಟ್ರಾವನ್ನು ಜೊತೆಯಾಗಿ ಆಡಲು ಬಾ ಎಂದು ಆ ಮೂರು ವರ್ಷಗಳಲ್ಲಿ ಅವನು ಎಷ್ಟು ಸಲ ಕರೆದಿದ್ದನೋ; ನನ್ನ ಮುಂದೆ ಯಾವಾಗಲೂ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಇರುತ್ತಿತ್ತು.

ಬಲಿಪಾಡ್ಯಮಿಯ ಮಧ್ಯಾಹ್ನ, ಮೊಮ್ಮಗಳು ನಿದ್ದೆ ಹೋಗಿದ್ದಾಗ, ಒಂದು ಲಕೋಟೆಯಲ್ಲಿ ಹಣವಿಟ್ಟು ಅವನ ಮುಂದಿಟ್ಟೆ. "ಇದು ಆ ಆಟದ ಬಾಬ್ತು. ನಿನ್ನ ಹಳೆಯ ಪೆಟ್ಟಿಗೆಯನ್ನು ನಾನು ಗುಜರಿಗೆ ಹಾಕಿದೆ. ಕೇಳದೆಯೇ ಹಾಕಿದೆ" ಎಂದೆ.

"ಗೊತ್ತು ಅಪ್ಪ," ಎಂದ. "ದಸರಾ ರಜೆಗೆ ಬಂದಾಗಲೇ ಬೀರು ತೆಗೆದು ನೋಡಿದ್ದೆ."

ಅಷ್ಟೇ. ಲಕೋಟೆಯನ್ನು ಅವನು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡನೆಯ ಜಾಯ್‌ಸ್ಟಿಕ್ಕನ್ನು ನನ್ನ ಕೈಗೆ ಕೊಟ್ಟ. ಇಬ್ಬರು ಆಡುವುದಾದರೆ ಮಂತ್ರದ ಕೊನೆಯಲ್ಲಿ ಸೆಲೆಕ್ಟ್ ಗುಂಡಿಯನ್ನೂ ಒತ್ತಬೇಕೆಂಬುದು ನನಗೆ ಅಂದು ತಿಳಿಯಿತು. ಮೂವತ್ತು ಜೀವಗಳು ಅವನಿಗೆ, ಮೂವತ್ತು ನನಗೆ. ಕೆಂಪು ಷರಾಯಿಯವನು ನಾನು. ಮೊದಲ ಹಂತದಲ್ಲಿಯೇ ಹದಿನೈದು ಜೀವಗಳು ಹೋದವು. ನೆಗೆಯುವುದಕ್ಕೆ ಒಂದು ಗುಂಡಿ, ಸುಡುವುದಕ್ಕೆ ಇನ್ನೊಂದು ಎಂಬುದು ಎಪ್ಪತ್ತು ದಾಟಿದ ಹೆಬ್ಬೆರಳಿಗೆ ಬೇಗ ಹತ್ತುವುದಿಲ್ಲ.

ಮೂರನೆಯ ಹಂತ ಜಲಪಾತ. ಧುಮುಕುವ ನೀರಿನ ಪಕ್ಕದ ಬಂಡೆಯಿಂದ ಬಂಡೆಗೆ ಹಾರುತ್ತ ಮೇಲೇರಬೇಕು. ಅಷ್ಟರಲ್ಲಿ ಎಚ್ಚರಗೊಂಡು ಬಂದ ಮೊಮ್ಮಗಳು ಟಿವಿಯನ್ನು ನೋಡಿ, "ತಾತ, ಇದು ನಮ್ಮ ಭರಚುಕ್ಕಿ!" ಎಂದು ಕೂಗಿದಳು. ಹಿಂದಿನ ದಿನವಷ್ಟೇ ಅವಳನ್ನು ಅಲ್ಲಿಗೆ ಕರೆದೊಯ್ದಿದ್ದೆವು. ಈ ಹಂತದಲ್ಲಿ ಒಂದು ತೊಡಕಿದೆ. ಮುಂದಿರುವವನು ಮೇಲೇರಿದಂತೆಲ್ಲ ಪರದೆಯೂ ಮೇಲಕ್ಕೆ ಸರಿಯುತ್ತದೆ. ಹಿಂದೆ ಬಿದ್ದವನ ಕಾಲ ಕೆಳಗೆ ನೆಲವೇ ಇಲ್ಲವಾಗಿ ಅವನು ಸಾಯುತ್ತಾನೆ. "ಬೇಗ ಹತ್ತು ತಾತ, ಬೇಗ!" ಎಂದು ಅವಳು ಕುಣಿಯುತ್ತಿದ್ದಳು. ಮಗ ಒಂದು ಬಂಡೆಯ ಮೇಲೆ ಹತ್ತಿ ನಿಂತುಬಿಟ್ಟ. ಮೇಲಿನಿಂದ ಗುಂಡುಗಳು ಬೀಳುತ್ತಿದ್ದವು. ಅವನ ಸೈನಿಕ ಅಲ್ಲಿಯೇ ನಿಂತು ಸತ್ತ, ಮತ್ತೆ ಹುಟ್ಟಿ ಅಲ್ಲಿಯೇ ನಿಂತ.

ನನ್ನ ಜೀವಗಳು ಮುಗಿದವು. ಒಂದು ಗುಂಡಿ ಒತ್ತಿದರೆ ಜೊತೆಗಾರನ ಲೆಕ್ಕದಿಂದ ಒಂದು ಜೀವವನ್ನು ಎತ್ತಿಕೊಳ್ಳಬಹುದಂತೆ. "ಒತ್ತಿ ಅಪ್ಪ, ನನ್ನ ಹತ್ತಿರ ಇನ್ನೂ ಇದೆ" ಎಂದ. ಒತ್ತಿದೆ. ಮತ್ತೆ ಒತ್ತಿದೆ. ಜಲಪಾತದ ತುದಿಯನ್ನು ಮುಟ್ಟಿದಾಗ ಅವನ ಬಳಿ ಎರಡೇ ಜೀವಗಳು ಉಳಿದಿದ್ದವು.