ಕರ್ತವ್ಯ ಮುಗಿದ ಆಯುಧ

ಸಿಂಧನೂರಿನ ವರ್ತಕರೊಬ್ಬರ ಅಂಗಡಿಯ ತಿಜೋರಿಯಲ್ಲಿ, ಕಿರ್ದಿ ಖತಾವಣಿ ಪುಸ್ತಕಗಳ ಹಿಂದೆ, ಒಂದು ರಿವಾಲ್ವರು ಬಹುಕಾಲದಿಂದ ಇತ್ತು. ಅದು ಅವರ ತೀರ್ಥರೂಪರದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಈ ಎರೆನೆಲವನ್ನು ಭತ್ತದ ಕಣಜವಾಗಿಸುವ ಮೊದಲು ಹತ್ತಿ, ಶೇಂಗಾಗಳ ವ್ಯಾಪಾರವೇ ಇಲ್ಲಿಯ ಜೀವಾಳವಾಗಿತ್ತು. ಆಗ ಸಂತೆಯಿಂದ ಸಂತೆಗೆ ರೊಕ್ಕದ ಗಂಟು ಕಟ್ಟಿಕೊಂಡು ಬಂಡಿಯಲ್ಲಿ ಹೋಗಿಬರುತ್ತಿದ್ದ ಆ ಹಿರಿಯರು ಪರವಾನಗಿ ಪಡೆದು 32 ಬೋರಿನ ವೆಬ್ಲಿ ರಿವಾಲ್ವರನ್ನು ಕೊಂಡಿದ್ದರು. ಅದನ್ನು ಅವರು ಒಮ್ಮೆಯೂ ಹಾರಿಸಲಿಲ್ಲ. ಚುನಾವಣೆ ಬಂದಾಗ ಬಟ್ಟೆಯ ಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ರಸೀದಿ ತೋರಿಸಿ ಹಿಂದಕ್ಕೆ ತರುವುದು, ಇಷ್ಟೇ ಅದರ ಪ್ರಯಾಣವಾಗಿತ್ತು.

ಹಿರಿಯರು ತೀರಿಕೊಂಡ ಮೇಲೆ ಪರವಾನಗಿಯೂ ಅವರೊಂದಿಗೆ ತೀರಿತು. ಪರವಾನಗಿ ಎಂಬುದು ಮನುಷ್ಯನಿಗೆ ಕೊಟ್ಟದ್ದೇ ಹೊರತು ಮನೆತನಕ್ಕೆ ಕೊಟ್ಟದ್ದಲ್ಲ. 1959ರ ಆಯುಧ ಅಧಿನಿಯಮದ 21ನೆಯ ಕಲಮಿನ ಪ್ರಕಾರ ಇಂಥ ಆಯುಧವನ್ನು ವಾರಸುದಾರರು ತಡಮಾಡದೆ ಠಾಣೆಯಲ್ಲಾಗಲಿ, ಪರವಾನಗಿ ಪಡೆದ ವ್ಯಾಪಾರಿಯಲ್ಲಾಗಲಿ ಠೇವಣಿ ಇಡಬೇಕು. ಅವಧಿಯೊಳಗೆ ಅರ್ಹ ಪರವಾನಗಿದಾರನಿಗೆ ಮಾರಬಹುದು. ಮಾರದೆ ಬಿಟ್ಟರೆ ಅದು ಕೊನೆಗೆ ಸರ್ಕಾರದ ವಶವಾಗುತ್ತದೆ. ವರ್ತಕರ ಮಕ್ಕಳಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ. ಅವರು ಠಾಣೆಗೆ ಒಪ್ಪಿಸಿ, ಶ್ರಾದ್ಧದ ಖರ್ಚಿನ ಚೀಟಿಗಳ ಜೊತೆಯಲ್ಲಿಯೇ ಆ ರಸೀದಿಯನ್ನೂ ಇಟ್ಟುಕೊಂಡರು.

ಅದನ್ನು ಕೊಳ್ಳುತ್ತೇನೆಂದು ಮುಂದೆ ಬಂದವರು ಲಿಂಗಸುಗೂರಿನಲ್ಲಿ ನೆಲೆಸಿದ್ದ ನಿವೃತ್ತ ಸಬ್ ಇನ್ಸ್‌ಪೆಕ್ಟರರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳಲ್ಲಿಯೂ ಸೇವೆ ಸಲ್ಲಿಸಿದವರು. ಒಮ್ಮೆ ಪೇಟೆಯಲ್ಲಿ ಗಲಭೆಯೆದ್ದು ಅಂಗಡಿಗಳಿಗೆ ಕಲ್ಲು ಬೀಳುತ್ತಿದ್ದಾಗ ಇವರು ಇಬ್ಬರೇ ಪೇದೆಗಳೊಡನೆ ವರ್ತಕರ ಅಂಗಡಿಯ ಮುಂದೆ ರಾತ್ರಿಯಿಡೀ ಕುರ್ಚಿ ಹಾಕಿ ಕುಳಿತಿದ್ದರು. ರಿವಾಲ್ವರು ಸೊಂಟದಲ್ಲಿತ್ತು; ಒರೆಯಿಂದ ಹೊರಗೆ ಬರಲಿಲ್ಲ. ಮರುದಿನ ವರ್ತಕರು ಚಹಾ ತರಿಸಿದರೆ ಅದಕ್ಕೂ ದುಡ್ಡು ಕೊಟ್ಟು ಹೋದವರು. ಇಂಥವರಿಗೆ ಇಲ್ಲವೆನ್ನುವುದು ಹೇಗೆ?

ಅವರ ಆಸೆಗೂ ಒಂದು ಹಿನ್ನೆಲೆಯಿತ್ತು. ನಿವೃತ್ತಿಯ ದಿನ ಹಾರ, ಶಾಲು, ಭಾಷಣಗಳೆಲ್ಲ ಮುಗಿಯುವುದಕ್ಕೆ ಮೊದಲೇ ಅವರು ತಮ್ಮ 38 ಬೋರಿನ ರಿವಾಲ್ವರನ್ನು ನಂಬರು ಓದಿಸಿ, ಕಾಡತೂಸುಗಳನ್ನು ಎಣಿಸಿ, ರುಜು ಹಾಕಿ ಒಪ್ಪಿಸಿದ್ದರು. ಆ ಸಂಜೆಯಿಂದ ಸೊಂಟದ ಬಲಭಾಗ ಖಾಲಿಯೆನಿಸುತ್ತದೆಂದು ಹೇಳುತ್ತಿದ್ದರು. ಇದರ ಮೇಲೆ ಅಮೆರಿಕದಲ್ಲಿರುವ ಅವರ ತಂಗಿಯ ಮಗ ಊರಿಗೆ ಬಂದಾಗ, ಅಲ್ಲಿ ಇಲಾಖೆಯು ಪಿಸ್ತೂಲು ಬದಲಾಯಿಸಿದಾಗ ಹಳೆಯದನ್ನು ಅಧಿಕಾರಿಯೇ ಅಲ್ಪ ಬೆಲೆಗೆ ಕೊಂಡುಕೊಳ್ಳಬಹುದೆಂದು ತಿಳಿಸಿದ್ದನು. ಆ ಮಾತು ಅವರ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ತಮ್ಮ ಸ್ವಂತದ್ದು ಸಿಗಲಾರದು. ಅದರ ತಮ್ಮನಂತಿರುವ ವೆಬ್ಲಿಯಾದರೂ ಸಿಗಲಿ ಎಂಬುದು ಅವರ ಬಯಕೆ.

ತಂಗಿಯ ಮಗ ಹೇಳಿದ್ದು ನಿಜ. ಅಮೆರಿಕದ ಪೊಲೀಸರ ಸೊಂಟದಲ್ಲಿ ಬಹುಕಾಲ ಇದ್ದದ್ದು ಆರು ಗುಂಡಿನ ರಿವಾಲ್ವರು. 1980ರ ದಶಕದ ನಡುವಿನಲ್ಲಿ ಆಸ್ಟ್ರಿಯಾದ ಗ್ಲಾಕ್ ಪಿಸ್ತೂಲು ಆ ದೇಶಕ್ಕೆ ಬಂದಿತು. ನ್ಯೂಯಾರ್ಕ್ ನಗರದ ಪೊಲೀಸರಿಗೆ 1993ರಲ್ಲಿ 9 ಎಂ.ಎಂ. ಪಿಸ್ತೂಲಿಗೆ ಅನುಮತಿ ದೊರೆಯಿತು. ಮುಂದೆ ಎಫ್.ಬಿ.ಐ. ಮೊದಲಾಗಿ ಅನೇಕ ಇಲಾಖೆಗಳು 40 ಬೋರಿಗೆ ಹೋಗಿ, ಕೆಲವು ವರ್ಷಗಳ ತರುವಾಯ ಮತ್ತೆ 9 ಎಂ.ಎಂ.ಗೆ ಮರಳಿದವು. ಹೀಗೆ ಬದಲಾಯಿಸಿದಾಗಲೆಲ್ಲ ಹಳೆಯ ಆಯುಧಗಳ ರಾಶಿ ಉಳಿಯುತ್ತದೆ. ಹಳೆಯ ಪಾತ್ರೆ ಕೊಟ್ಟು ಹೊಸ ಪಾತ್ರೆ ಕೊಳ್ಳುವಂತೆ ಅವನ್ನು ವ್ಯಾಪಾರಿಗೆ ಕೊಟ್ಟು ಹೊಸದರ ಬೆಲೆಯಲ್ಲಿ ವಜಾ ಪಡೆಯುವುದು ಅಲ್ಲಿ ರೂಢಿ. ಎಷ್ಟೋ ಕಡೆ ತಾನು ಧರಿಸಿದ ಆಯುಧವನ್ನು ಅಧಿಕಾರಿಯೇ ಕೊಳ್ಳಬಹುದು. ಟೆಕ್ಸಾಸ್ ರಾಜ್ಯದಲ್ಲಿ ಗೌರವದಿಂದ ನಿವೃತ್ತನಾದವನಿಗೆ ಈ ಅವಕಾಶವನ್ನು ಕಾನೂನೇ ಕೊಟ್ಟಿದೆ. ಇದರಲ್ಲಿ ಕೇಡೇನು ಕಾಣುವುದಿಲ್ಲ. ಪುರಸಭೆಗೆ ಉಳಿತಾಯ, ಅಧಿಕಾರಿಗೆ ನೆನಪಿನ ಕಾಣಿಕೆ.

ಆದರೆ 2024ರಲ್ಲಿ ಅಲ್ಲಿಯ ಪತ್ರಕರ್ತರು ಸರ್ಕಾರಿ ದಾಖಲೆಗಳನ್ನು ತೆಗೆಸಿ ಲೆಕ್ಕ ಹಾಕಿದಾಗ, 2006ರಿಂದ 2022ರವರೆಗೆ ಅಪರಾಧದ ಸ್ಥಳಗಳಲ್ಲಿ ಸಿಕ್ಕ ಆಯುಧಗಳಲ್ಲಿ 52,000ಕ್ಕಿಂತ ಹೆಚ್ಚಿನವು ಒಂದು ಕಾಲದಲ್ಲಿ ಪೊಲೀಸರವೇ ಆಗಿದ್ದವೆಂದು ತಿಳಿದುಬಂತು. ಕಳೆದುಹೋದವು, ಕಳುವಾದವು ಇದರಲ್ಲಿ ಸೇರಿವೆ. ಇಲಾಖೆಗಳೇ ಮಾರಿದವೂ ಬಹಳ ಇವೆ. ಹಾಗೆಂದು ಕೊಂಡ ಅಧಿಕಾರಿಗಳೆಲ್ಲ ದುಷ್ಟರೆನ್ನಬಾರದು. ಅವರಲ್ಲಿ ಹೆಚ್ಚಿನವರು ನಮ್ಮ ಸಬ್ ಇನ್ಸ್‌ಪೆಕ್ಟರರಂತೆಯೇ ಸಜ್ಜನರಿದ್ದಿರಬೇಕು.

ನಮ್ಮಲ್ಲಿ ಈ ಬಾಗಿಲನ್ನು ಮುಚ್ಚಿದ ಕ್ರಮ ಬೇರೆ. ಇಲ್ಲಿ ಸೇವೆಯ ಆಯುಧಕ್ಕೂ ಮನೆಯ ಆಯುಧಕ್ಕೂ ನಳಿಗೆಯ ಅಳತೆಯಲ್ಲಿಯೇ ಭೇದವಿದೆ. 303 ರೈಫಲು, 38 ಮತ್ತು 455 ಬೋರಿನ ರಿವಾಲ್ವರು, 9 ಎಂ.ಎಂ. ಪಿಸ್ತೂಲು ಇವು ಸಾಮಾನ್ಯ ನಾಗರಿಕನಿಗೆ ನಿಷಿದ್ಧ ಬೋರುಗಳು. ಸೈನ್ಯದ ಕಾಡತೂಸು ಹೊರಗಿನವರ ಬಂದೂಕಿಗೆ ಹೊಂದಬಾರದೆಂದು ಬ್ರಿಟಿಷರು ಮಾಡಿದ ಉಪಾಯವಿದು. 303ರ ಬದಲು ನಾಗರಿಕರಿಗೆ 315 ಬಂದದ್ದೂ, ಕಾನ್ಪುರದ ಕಾರ್ಖಾನೆ ವೆಬ್ಲಿಯ ಮಾದರಿಯಲ್ಲಿಯೇ 32 ಬೋರಿನ ರಿವಾಲ್ವರು ಮಾಡಿ ಮಾರುತ್ತ ಬಂದದ್ದೂ ಇದೇ ಕಾರಣಕ್ಕೆ. ಪರಕೀಯರು ತಮ್ಮ ರಾಜ್ಯ ಉಳಿಸಿಕೊಳ್ಳಲು ಮಾಡಿದ್ದಾದರೂ ಅದರಿಂದ ಒಂದು ಒಳಿತಾಯಿತು. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪಥಸಂಚಲನದೊಂದಿಗೆ 303 ರೈಫಲನ್ನು ಬೀಳ್ಕೊಟ್ಟಾಗ, ಅದನ್ನು ಮನೆಗೆ ಒಯ್ಯುವ ಪ್ರಶ್ನೆ ಯಾವ ಪೇದೆಗೂ ಏಳಲಿಲ್ಲ.

ಇಲ್ಲಿಯೂ ಬಿರುಕು ಇಲ್ಲವೆಂದಲ್ಲ. ಸೈನ್ಯದ ಬಳಕೆಯಲ್ಲಿಲ್ಲದ ಮಾದರಿಯ ಆಯುಧಗಳನ್ನು ಸೇನಾಧಿಕಾರಿಗಳು ಕಡಿಮೆ ಬೆಲೆಗೆ ಕೊಳ್ಳುವ ಅವಕಾಶವೊಂದಿತ್ತು. ಹಾಗೆ ಕೊಂಡವುಗಳಲ್ಲಿ ಕೆಲವು ರಾಜಸ್ಥಾನದ ಶ್ರೀಗಂಗಾನಗರದ ಕಡೆ ವ್ಯಾಪಾರಿಗಳ ಮೂಲಕ ಯಾರ ಯಾರದೋ ಕೈಸೇರಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸಮವಸ್ತ್ರದ ಶಿಸ್ತು ಆಯುಧದೊಡನೆ ಮಾರಾಟವಾಗುವುದಿಲ್ಲ.

ವರ್ತಕರು ಈ ವಿಚಾರವನ್ನು ಮೊದಲು ತಮಗೆ ತಿಳಿದ ಲೆಕ್ಕದ ಭಾಷೆಯಲ್ಲಿ ಇಟ್ಟು ನೋಡಿದರು. ಯಂತ್ರ ಹಳೆಯದಾದಂತೆ ಅದರ ಸವಕಳಿ ತೆಗೆಯುತ್ತೇವೆ. ಗಿರಣಿಯ ಮೋಟಾರು ಹತ್ತು ವರ್ಷಕ್ಕೆ ಪುಸ್ತಕದಲ್ಲಿಯೂ ಸವೆಯುತ್ತದೆ, ನಿಜದಲ್ಲಿಯೂ ಸವೆಯುತ್ತದೆ. ರಿವಾಲ್ವರು ಪುಸ್ತಕದಲ್ಲಿ ಮಾತ್ರ ಸವೆಯುತ್ತದೆ. ಎಣ್ಣೆ ಹಚ್ಚಿ ಇಟ್ಟರೆ ಅಜ್ಜನ ಕಾಲದ್ದು ಮೊಮ್ಮಗನ ಕಾಲದಲ್ಲಿಯೂ ಅಷ್ಟೇ ದೂರಕ್ಕೆ ಹಾರುತ್ತದೆ. ಹಳೆಯದೆಂದು ಅಗ್ಗವಾಗಿ ಕೊಡುವ ಇಲಾಖೆ ನಿಜವಾಗಿ ಏನನ್ನು ಕಳೆದಿದೆ?

ಎರಡನೆಯದು ವಿಶ್ವಸ್ಥರ ನಿಯಮ. ನಮ್ಮ ಬಸದಿಗಳ ಆಡಳಿತದಲ್ಲಿರುವವರಿಗೆ ಇದು ಹೊಸದಲ್ಲ. ಹಳೆಯ ಬೆಳ್ಳಿಯ ತಟ್ಟೆಯನ್ನು ವಿಲೇವಾರಿ ಮಾಡಬೇಕಾಗಿ ಬಂದಾಗ ಪೇಟೆಯ ಧಾರಣೆ ಪೂರ್ತಿ ಕೊಟ್ಟರೂ ಧರ್ಮದರ್ಶಿಗಳು ಅದನ್ನು ತಮ್ಮ ಮನೆಗೆ ಕೊಳ್ಳುವುದಿಲ್ಲ. ಕೊಂಡರೆ ಊರು ಕೇಳುತ್ತದೆ. 1882ರ ಟ್ರಸ್ಟ್ ಅಧಿನಿಯಮವು ಧಾರ್ಮಿಕ ದತ್ತಿಗಳಿಗೆ ಅನ್ವಯಿಸದಿದ್ದರೂ ಅದರ 52ನೆಯ ಕಲಮಿನಲ್ಲಿರುವ ತತ್ತ್ವ ಇದೇ: ಮಾರುವ ಹೊಣೆ ಹೊತ್ತವನು ತಾನೇ ಕೊಳ್ಳುವವನಾಗಕೂಡದು. ಹಾಗಾದರೆ ಜನರ ರಕ್ಷಣೆಗೆಂದು ಜನರ ದುಡ್ಡಿನಲ್ಲಿ ಕೊಂಡ ಆಯುಧವನ್ನು ಕಾಯ್ದವನೇ ಅದರ ಗಿರಾಕಿಯಾಗುವುದು ಯುಕ್ತವೇ? ನಿವೃತ್ತಿಯ ದಿನ ರಿವಾಲ್ವರು ಹಿಂದಿರುಗಿಸಿದ್ದು ಸಬ್ ಇನ್ಸ್‌ಪೆಕ್ಟರರಿಗೆ ನಷ್ಟವೆನಿಸಿರಬಹುದು. ವರ್ತಕರ ಕಣ್ಣಿಗೆ ಅದು ಜಮಾ ಖರ್ಚು ಸರಿಹೋದ ಪುಟದಂತೆ ಕಂಡಿತು.

ಆದರೆ ತಿಜೋರಿಯ ವೆಬ್ಲಿ ಸರ್ಕಾರದ್ದಲ್ಲ, ತಂದೆಯದು. ಅಲ್ಲಿ ಈ ನಿಯಮ ನಿಲ್ಲುವುದಿಲ್ಲ. ಆದ್ದರಿಂದ ಅವರು ಶ್ರಾವಕಾಚಾರದ ಕಡೆಗೆ ಹೊರಳಿದರು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಐದು ಅನರ್ಥದಂಡಗಳನ್ನು ಹೇಳುವಾಗ ಹಿಂಸಾದಾನವನ್ನು, ಎಂದರೆ ಕೊಡಲಿ, ಖಡ್ಗ, ಬೆಂಕಿ ಮುಂತಾದ ಹಿಂಸೆಯ ಸಾಧನಗಳನ್ನು ಇನ್ನೊಬ್ಬರಿಗೆ ಕೊಡುವುದನ್ನು, ಸೇರಿಸಿದ್ದಾರೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಈ ಮಾತಿದೆ. ಆದರೆ ದಾಕ್ಷಿಣ್ಯದ ಸಂಬಂಧವಿಲ್ಲದ ಕಡೆ ಕೊಡಬಾರದೆಂಬ ಒಂದು ಎಲ್ಲೆ ಅಲ್ಲಿ ಕಾಣುತ್ತದೆ. ನೇಗಿಲು, ಒನಕೆಗಳೂ ಆ ಪಟ್ಟಿಯಲ್ಲಿರುವುದರಿಂದ ಬಂಧುಗಳು, ನೆರೆಯವರು ಕೇಳಿದಾಗ ಇಲ್ಲವೆನ್ನಲಾಗದ ಗೃಹಸ್ಥನ ಕಷ್ಟವನ್ನು ಆಚಾರ್ಯರು ಅರಿತಿದ್ದರು. ವರ್ತಕರ ಸಂಕಟವೂ ಇಲ್ಲಿಯೇ ಇತ್ತು. ಕಲ್ಲು ಬೀಳುವ ರಾತ್ರಿ ಬಾಗಿಲಲ್ಲಿ ಕುಳಿತವನಿಗಿಂತ ಹೆಚ್ಚಿನ ದಾಕ್ಷಿಣ್ಯ ಯಾರದು? ಶಾಸ್ತ್ರದ ಆ ಒಂದು ಶಬ್ದ ಅವರನ್ನು ಎರಡು ತಿಂಗಳು ಕಾಡಿತು.

ಕೊನೆಗೆ ಇಬ್ಬರೂ ನಡುದಾರಿಯ ಮಸ್ಕಿಯಲ್ಲಿ ಭೇಟಿಯಾದರು. ಅಶೋಕನ ಶಾಸನದ ಬಂಡೆಯ ಬಳಿ ನೆರಳಿತ್ತು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರನಿಗೆ ಸಿಕ್ಕ ಈ ಶಾಸನದಿಂದಲೇ ದೇವಾನಾಂಪ್ರಿಯನೆಂಬ ಅರಸನು ಅಶೋಕನೆಂದು ಖಚಿತವಾದದ್ದು. ವರ್ತಕರು ಕಳಿಂಗದ ಪಶ್ಚಾತ್ತಾಪದ ಮಾತೆತ್ತಿದರೆ ಸಬ್ ಇನ್ಸ್‌ಪೆಕ್ಟರರು ನಕ್ಕು, ಆ ಅರಸ ಸೈನ್ಯವನ್ನೇನೂ ವಿಸರ್ಜಿಸಲಿಲ್ಲವೆಂದರು. ಅದು ಸರಿಯಾದ ಮಾತೇ. ಪಶ್ಚಾತ್ತಾಪ ಹೇಳಿದ ಹದಿಮೂರನೆಯ ಶಾಸನದಲ್ಲಿಯೇ ಅಡವಿಯ ಜನರಿಗೆ ತನ್ನ ಬಲದ ಎಚ್ಚರಿಕೆಯೂ ಇದೆ. ರಾಜ್ಯ ಕಾಯುವವನ ಕೈಯಲ್ಲಿ ಆಯುಧ ಇರುವುದನ್ನು ವರ್ತಕರೂ ಅಲ್ಲಗಳೆಯಲಿಲ್ಲ. ವಿರೋಧಿ ಹಿಂಸೆಯನ್ನು ಗೃಹಸ್ಥನಿಗೆ ನಮ್ಮ ಆಚಾರ್ಯರು ಪೂರ್ತಿಯಾಗಿ ನಿಷೇಧಿಸಿಲ್ಲ.

"ಹಂಗಾದ್ರ ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರಿ, ಸಾಹುಕಾರ್ರ?"

"ನಿಮ್ಮ ಕೈ ಮ್ಯಾಲೆ ನಂಬಿಕಿ ಐತ್ರಿ, ಸಾಹೇಬ್ರ. ನಿಮ್ಮ ಕೈಯಾಗಿಂದ ಅದು ಯಾರ ಕೈಗೆ ಹೋಗ್ತದ ಅನ್ನೂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಸಬ್ ಇನ್ಸ್‌ಪೆಕ್ಟರರು ಬಹಳ ಹೊತ್ತು ಸುಮ್ಮನಿದ್ದರು. ಅವರಿಗೆ ನೋವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಆಮೇಲೆ ಠಾಣೆಯ ಮುದ್ದೇಮಾಲು ಕೋಣೆಯಲ್ಲಿ ತಾವು ಚೀಟಿ ಕಟ್ಟಿ ಇಟ್ಟ ಬಂದೂಕುಗಳ ಸುದ್ದಿ ತೆಗೆದರು. ಅವುಗಳಲ್ಲಿ ಒಂದು ಪರವಾನಗಿಯುಳ್ಳ ಒಳ್ಳೆಯ ಮನೆತನದ್ದು, ಅಜ್ಜನ ತಲೆದಿಂಬಿನ ಕೆಳಗಿನಿಂದ ಮೊಮ್ಮಗನ ಕೈಗೆ ಹೋದದ್ದು. ಆ ಹುಡುಗನ ಹೆಸರನ್ನು ಅವರು ಇನ್ನೂ ಮರೆತಿರಲಿಲ್ಲ. ಬಸ್ಸು ಬರುವವರೆಗೆ ಬೇರೆ ಮಾತಾಗಲಿಲ್ಲ.

ನಾಲ್ಕೈದು ದಿನಗಳ ತರುವಾಯ ಲಿಂಗಸುಗೂರಿನಿಂದ ಅವರೇ ಸಿಂಧನೂರಿಗೆ ಬಂದು, ಅರ್ಜಿ ಬರೆಯುವುದಾದರೆ ತಾವೂ ಠಾಣೆಗೆ ಬರುವುದಾಗಿ ಹೇಳಿದರು. ಅರ್ಜಿ ಅಂಗಡಿಯ ಗಾದಿಯ ಮೇಲೆಯೇ ತಯಾರಾಯಿತು. ತಂದೆಯವರ ಆಯುಧದ ಮೇಲಿನ ಹಕ್ಕನ್ನು ಬಿಟ್ಟಿರುವುದಾಗಿಯೂ, ಅದನ್ನು ಯಾರಿಗೂ ಮಾರದೆ ನಾಶಪಡಿಸಬೇಕೆಂದೂ ವರ್ತಕರು ಬರೆದರು. ಠಾಣೆಯ ರೈಟರ್ ಅದನ್ನು ಎರಡು ಸಲ ಓದಿ, ನಾಶಪಡಿಸುವ ಕೋರಿಕೆಗೆ ನಮೂನೆಯಲ್ಲಿ ಅಂಕಣವಿಲ್ಲವೆಂದರು. ನಿವೃತ್ತ ಸಬ್ ಇನ್ಸ್‌ಪೆಕ್ಟರರು ಕನ್ನಡಕ ತೆಗೆದು ಹಾಕಿಕೊಂಡು, ರಿವಾಲ್ವರಿನ ನಂಬರನ್ನು ಗಟ್ಟಿಯಾಗಿ ಓದಿ, ಕಾಡತೂಸುಗಳನ್ನು ಎಣಿಸಿ, ಪುಟದ ಬಲತುದಿಗೆ ಬೆರಳಿಟ್ಟು ತೋರಿಸಿದರು: "ಷರಾ ಅಂತ ಐತಲ್ಲಪ್ಪ, ಅದರಾಗ ಬರಿ."